ಮನೆಯ ಮೂಲೆಯಲ್ಲಿರುವ ಬ್ಯಾಟರಿ: ಅದರ ಆರೈಕೆ ಯಾರ ಹೊಣೆ?

ಗ್ಯಾಸ್ ಸಿಲಿಂಡರ್ ಯಾವ ತಾರೀಖಿಗೆ ಹಚ್ಚಿದ್ದು ಎಂದು ಕೇಳಿದರೆ ನಮ್ಮ ಮನೆಗಳ ಹೆಣ್ಣುಮಕ್ಕಳು ತಟ್ಟನೆ ಉತ್ತರಿಸುತ್ತಾರೆ. ಅಕ್ಕಿ ಇನ್ನೆಷ್ಟು ದಿನಕ್ಕೆ ಬಂದೀತು, ಡಬ್ಬಿಯಲ್ಲಿ ಎಣ್ಣೆ ಎಷ್ಟಿದೆ ಎಂಬ ಲೆಕ್ಕವೂ ಅವರ ನಾಲಗೆಯ ತುದಿಯಲ್ಲಿರುತ್ತದೆ. ಆದರೆ ಇನ್ವರ್ಟರ್ ಬ್ಯಾಟರಿಗೆ ಕೊನೆಯ ಸಲ ನೀರು ಹಾಕಿದ್ದು ಯಾವಾಗ ಎಂದು ಕೇಳಿ ನೋಡಿ. ಮನೆಯೊಡತಿ ಯಜಮಾನರ ಮುಖ ನೋಡುತ್ತಾರೆ, ಯಜಮಾನರು ಮಗನ ಮುಖ ನೋಡುತ್ತಾರೆ, ಮಗ ಮೊಬೈಲ್ ನೋಡುತ್ತಾನೆ!

ಹಲಗೇರಿಯಲ್ಲಾಗಲಿ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯಲ್ಲಾಗಲಿ ಇಂದು ಇನ್ವರ್ಟರ್ ಶ್ರೀಮಂತರ ವಸ್ತುವಾಗಿ ಉಳಿದಿಲ್ಲ. ಮುಂಗಾರು ಪೂರ್ವದ ಗಾಳಿ-ಮಳೆಗೆ ಕಂಬ ಬಿದ್ದರೆ, ಹೆಸ್ಕಾಂನವರು ತಂತಿ ದುರಸ್ತಿಗೆಂದು ಕರೆಂಟು ತೆಗೆದರೆ ಮನೆ ನಡೆಯುವುದು ಅದರಿಂದಲೇ. ಮಳೆ ಕೈಕೊಟ್ಟ 2023ರ ಅಕ್ಟೋಬರ್‌ನಲ್ಲಿ ರಾಜ್ಯವೇ ವಿದ್ಯುತ್ ಕೊರತೆಯಿಂದ ತತ್ತರಿಸಿದಾಗ ಬ್ಯಾಟರಿಯ ಬೆಲೆ ಏನೆಂದು ಎಲ್ಲರಿಗೂ ಅರಿವಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ಮಗಳು, ಉಬ್ಬಸಕ್ಕೆ ನೆಬ್ಯುಲೈಝರ್ ಬಳಸುವ ಅತ್ತೆ, ಸಹ್ರಿಯ ಹೊತ್ತಿನಲ್ಲಿ ರೊಟ್ಟಿ ಬಡಿಯುವ ತಾಯಿ - ಎಲ್ಲರೂ ಅದನ್ನೇ ನೆಚ್ಚಿಕೊಂಡಿರುತ್ತಾರೆ.

ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆ ಕೊಟ್ಟು ತಂದ ಬ್ಯಾಟರಿ ಕೆಲವು ಮನೆಗಳಲ್ಲಿ ಐದಾರು ವರ್ಷ ಬಾಳುತ್ತದೆ. ಕೆಲವು ಮನೆಗಳಲ್ಲಿ ಎರಡೇ ವರ್ಷಕ್ಕೆ ಸಾಯುತ್ತದೆ. ಕಂಪೆನಿ ಒಂದೇ, ಅಂಗಡಿ ಒಂದೇ. ವ್ಯತ್ಯಾಸವಿರುವುದು ಆರೈಕೆಯಲ್ಲಿ. ಆ ಆರೈಕೆಗೆ ತಿಂಗಳಿಗೆ ಹತ್ತು ನಿಮಿಷ ಸಾಕು. ದಿನವಿಡೀ ಮನೆಯಲ್ಲಿರುವ, ಮನೆಯ ಪ್ರತಿ ಸದ್ದನ್ನೂ ವಾಸನೆಯನ್ನೂ ಬಲ್ಲ ಗೃಹಿಣಿಗಿಂತ ಈ ಕೆಲಸಕ್ಕೆ ತಕ್ಕವರು ಬೇರೆ ಯಾರಿದ್ದಾರೆ?

ಪೆಟ್ಟಿಗೆಯ ಒಳಗೆ ಏನಿದೆ?

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಸೀಸ ಮತ್ತು ಆಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಇದನ್ನು ರೂಪಿಸಿದರು. 160 ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ಮೂಲತತ್ವ ಬದಲಾಗಿಲ್ಲ. ಒಳಗೆ ಆರು ಕೋಣೆಗಳಿವೆ. ಒಂದೊಂದು ಕೋಣೆ ಸುಮಾರು 2 ವೋಲ್ಟ್ ಕೊಡುತ್ತದೆ, ಆರೂ ಸೇರಿ 12 ವೋಲ್ಟ್. ಪ್ರತಿ ಕೋಣೆಯಲ್ಲೂ ಸೀಸದ ಫಲಕಗಳು, ಅವುಗಳನ್ನು ಮುಳುಗಿಸುವಷ್ಟು ನೀರು ಬೆರೆತ ಗಂಧಕಾಮ್ಲ.

ಕರೆಂಟು ಹೋದಾಗ ಬ್ಯಾಟರಿ ದುಡಿಯುತ್ತದೆ. ಆಗ ಆಮ್ಲದಲ್ಲಿರುವ ಅಂಶ ಫಲಕಗಳಿಗೆ ಅಂಟಿಕೊಂಡು ಸೀಸದ ಸಲ್ಫೇಟ್ ಆಗುತ್ತದೆ. ಉಳಿದ ದ್ರವ ನೀರು ನೀರಾಗುತ್ತದೆ. ಕರೆಂಟು ಬಂದು ಚಾರ್ಜ್ ಆಗುವಾಗ ಅಂಟಿದ್ದು ಕರಗಿ ಮತ್ತೆ ದ್ರವಕ್ಕೆ ಮರಳುತ್ತದೆ. ಬ್ಯಾಟರಿಯ ಜೀವನವೆಂದರೆ ಈ ಹೋಗಿ ಬರುವಿಕೆ, ಅಷ್ಟೇ. ಈ ದಾರಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದೇ ಆರೈಕೆ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಕಾರು, ಟ್ರ್ಯಾಕ್ಟರ್‌ಗಳ ಬ್ಯಾಟರಿಯೂ ಇದೇ ಜಾತಿಯದು, ಆದರೆ ಕೆಲಸ ಬೇರೆ. ಇಂಜಿನ್ನನ್ನು ಎಬ್ಬಿಸಲು ಕೆಲವು ಸೆಕೆಂಡು ಭಾರೀ ಶಕ್ತಿ ಕೊಟ್ಟು ಅದು ಸುಮ್ಮನಾಗುತ್ತದೆ. ಮನೆಯ ಬ್ಯಾಟರಿ ಗಂಟೆಗಟ್ಟಲೆ ನಿಧಾನವಾಗಿ ಶಕ್ತಿ ಕೊಡಬೇಕು. ಅಮೆರಿಕ, ಯುರೋಪಿನಲ್ಲಿ ಅಡುಗೆಮನೆ, ಹಾಸಿಗೆ ಇರುವ ಪ್ರವಾಸಿ ವಾಹನಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಇಂಜಿನ್ನಿಗೆ ಒಂದು, ದೀಪ-ಫ್ರಿಜ್ಜಿಗೆ ಬೇರೊಂದು ಬ್ಯಾಟರಿ ಇರುತ್ತದೆ. ಎರಡನೆಯದಕ್ಕೆ ಅವರು 'ಮನೆ ಬ್ಯಾಟರಿ' ಎಂದೇ ಹೆಸರಿಟ್ಟಿದ್ದಾರೆ. ಹಾಗಾಗಿ ಅಗ್ಗಕ್ಕೆ ಸಿಕ್ಕಿತೆಂದು ವಾಹನದ ಬ್ಯಾಟರಿಯನ್ನು ಇನ್ವರ್ಟರಿಗೆ ಜೋಡಿಸುವುದು ಜಾಣತನವಲ್ಲ. ಅದು ಬೇಗನೆ ಕೈಕೊಡುತ್ತದೆ. ಮನೆಗೆ ಸೂಕ್ತವಾದದ್ದು ಟ್ಯೂಬುಲರ್ ಬ್ಯಾಟರಿ.

ನೀರು: ಯಾವುದು, ಎಷ್ಟು, ಯಾವಾಗ?

ಚಾರ್ಜ್ ಆಗುವಾಗ ಒಳಗಿನ ನೀರು ಸ್ವಲ್ಪ ಸ್ವಲ್ಪವಾಗಿ ಜಲಜನಕ, ಆಮ್ಲಜನಕವಾಗಿ ಒಡೆದು ಹೊರಹೋಗುತ್ತದೆ. ಸೆಕೆಗೆ ಆರುವುದೂ ಉಂಟು. ಆದರೆ ಆಮ್ಲ ಹಾಗೆ ಹೋಗುವುದಿಲ್ಲ. ಸಾರು ಕುದ್ದು ಬತ್ತಿದಾಗ ನೀರು ಹೋಗಿ ಉಪ್ಪು ಉಳಿಯುತ್ತದಲ್ಲವೇ? ಆಗ ನಾವು ನೀರು ಬೆರೆಸುತ್ತೇವೆಯೇ ಹೊರತು ಮತ್ತೆ ಉಪ್ಪು ಹಾಕುವುದಿಲ್ಲ. ಬ್ಯಾಟರಿಗೂ ಅದೇ ನಿಯಮ. 'ಆಸಿಡ್ ಹಾಕಿಸಿದರೆ ಬ್ಯಾಟರಿ ಚುರುಕಾಗುತ್ತದೆ' ಎಂಬ ಮಾತನ್ನು ನಂಬಬೇಡಿ. ಆಮ್ಲ ಹೆಚ್ಚಾದರೆ ಫಲಕಗಳು ಸವೆಯುತ್ತವೆ.

ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್, ಅಂದರೆ ಭಟ್ಟಿ ಇಳಿಸಿದ ಶುದ್ಧ ನೀರು ಮಾತ್ರ. ನಮ್ಮ ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿ, ಬಿಳಿ ಪೊರೆ ಕಟ್ಟಿರುತ್ತದೆ. ಅದೇ ಸುಣ್ಣ, ಅದೇ ಲವಣ ಬ್ಯಾಟರಿಯ ಫಲಕಗಳನ್ನೂ ಕೆಡಿಸುತ್ತದೆ. ಕುದಿಸಿ ಸೋಸಿದರೂ ಲವಣ ಹೋಗುವುದಿಲ್ಲ. ಕುಡಿಯುವ ನೀರಿನ ಘಟಕದ ಫಿಲ್ಟರ್ ನೀರು ಕೂಡ ಡಿಸ್ಟಿಲ್ಡ್ ನೀರಲ್ಲ. ಬ್ಯಾಟರಿ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಸಿಗುವ ಒಂದು ಕ್ಯಾನಿನ ಬೆಲೆ ಬಹಳವೇನಲ್ಲ. ಸಾವಿರಾರು ರೂಪಾಯಿಯ ವಸ್ತುವಿಗೆ ಅಲ್ಲಿ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ.

ಬ್ಯಾಟರಿಯ ಮೇಲಿರುವ ಆರು ಮುಚ್ಚಳಗಳಲ್ಲಿ ತೇಲುವ ಕಡ್ಡಿಗಳಿರುತ್ತವೆ. ಹೆಚ್ಚಿನ ಬ್ಯಾಟರಿಗಳಲ್ಲಿ ಹಸಿರು ಗುರುತು ಸರಿಯಾದ ಮಟ್ಟವನ್ನು, ಕೆಂಪು ಗುರುತು ನೀರು ಇಳಿದಿರುವುದನ್ನು ತೋರಿಸುತ್ತದೆ. ನಿಮ್ಮ ಬ್ಯಾಟರಿಯ ಗುರುತು ಹೇಗಿದೆ ಎಂದು ಅದರ ಜೊತೆ ಬಂದ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಆರನ್ನೂ ನೋಡಿ, ಒಂದನ್ನು ನೋಡಿ ಬಿಡಬೇಡಿ. ಒಂದೇ ಕೋಣೆ ಒಣಗಿದರೂ ಇಡೀ ಬ್ಯಾಟರಿ ಸೊರಗುತ್ತದೆ. ಆರರಲ್ಲಿ ಒಂದೇ ಕೋಣೆ ಮತ್ತೆ ಮತ್ತೆ ನೀರು ಕೇಳುತ್ತಿದ್ದರೆ ಅಲ್ಲಿ ದೋಷವಿದೆ ಎಂದರ್ಥ, ಮೆಕ್ಯಾನಿಕ್‌ಗೆ ತೋರಿಸಿ.

ನೀರು ಹಾಕುವುದು ಚಾರ್ಜ್ ತುಂಬಿದ ನಂತರವೇ ಒಳ್ಳೆಯದು. ಚಾರ್ಜ್ ಆಗುವಾಗ ದ್ರವದ ಮಟ್ಟ ಏರುತ್ತದೆ. ಮೊದಲೇ ಕಂಠಪೂರ್ತಿ ತುಂಬಿದ್ದರೆ ಆಮ್ಲ ಉಕ್ಕಿ ಹೊರಬರುತ್ತದೆ. ಫಲಕಗಳೇ ತೆರೆದು ಕಾಣುವಷ್ಟು ನೀರು ಇಳಿದಿದ್ದರೆ ಮಾತ್ರ, ಅವು ಮುಳುಗುವಷ್ಟು ಹಾಕಿ, ಚಾರ್ಜ್ ಮಾಡಿ, ನಂತರ ಉಳಿದದ್ದನ್ನು ತುಂಬಿ. ಪ್ಲಾಸ್ಟಿಕ್ ಆಲಿಕೆ ಬಳಸಿ, ಲೋಹದ್ದು ಬೇಡ.

ಖಾಲಿ ಬಿಡಬೇಡಿ

ಬ್ಯಾಟರಿಯನ್ನು ಕೊಲ್ಲುವ ಎರಡನೆಯ ಕಾರಣ ಅದನ್ನು ಪೂರ್ತಿ ಖಾಲಿ ಮಾಡಿ ಹಾಗೆಯೇ ಬಿಡುವುದು. ಫಲಕಕ್ಕೆ ಅಂಟಿದ ಸಲ್ಫೇಟ್ ಮೊದಮೊದಲು ಮೆತ್ತಗಿರುತ್ತದೆ, ಚಾರ್ಜ್ ಮಾಡಿದರೆ ಕರಗುತ್ತದೆ. ದಿನಗಟ್ಟಲೆ ಬಿಟ್ಟರೆ ಸಕ್ಕರೆ ಪಾಕ ಕಲ್ಲುಸಕ್ಕರೆಯಾದಂತೆ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಆ ಭಾಗ ಕೆಲಸಕ್ಕೆ ಬಾರದು. 'ಮೊದಲು ನಾಲ್ಕು ಗಂಟೆ ಬರುತ್ತಿತ್ತು, ಈಗ ಒಂದು ಗಂಟೆಗೇ ಕೂಗುತ್ತದೆ' ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಹರಳು.

ಇನ್ನೊಂದು ಲೆಕ್ಕವೂ ಇದೆ. ಹಾಳಾದ ಬ್ಯಾಟರಿ ಎಷ್ಟು ಹೊತ್ತಾದರೂ 'ತುಂಬಿತು' ಎನ್ನುವುದಿಲ್ಲ. ಬಿಸಿಯಾಗುತ್ತಾ ಕರೆಂಟು ಎಳೆಯುತ್ತಲೇ ಇರುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿಗೆ ಮಿತಿಯಿದೆ. ಬಳಕೆ ಹೆಚ್ಚಿಸದೆಯೇ ಯೂನಿಟ್ ಏರುತ್ತಿದ್ದರೆ ಬ್ಯಾಟರಿಯ ಕಡೆಗೂ ಒಮ್ಮೆ ನೋಡಿ.

ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಸ್ಥಿತಿ ಮನೆಯಲ್ಲೇ ತಿಳಿಯುತ್ತದೆ. ಚಾರ್ಜ್ ನಿಲ್ಲಿಸಿ, ಏನನ್ನೂ ಓಡಿಸದೆ ಕೆಲವು ಗಂಟೆ ಬಿಟ್ಟು ನೋಡಿದಾಗ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸಿದರೆ ತುಂಬಿದೆ. 12.2ರ ಹತ್ತಿರ ಅರ್ಧ. 11.8ಕ್ಕಿಂತ ಕೆಳಗೆ ಇಳಿದಿದ್ದರೆ ಹೊಟ್ಟೆ ಖಾಲಿ. ಕಾಲೇಜು ಓದುವ ಮಗ-ಮಗಳಿಗೆ ಈ ಕೆಲಸ ಕೊಡಿ, ಪುಸ್ತಕದಲ್ಲಿ ಓದಿದ್ದು ಕಣ್ಣಮುಂದೆ ಬರುತ್ತದೆ.

ಎಷ್ಟು ಭಾರ ಹೊರಬಲ್ಲದು?

150 ಆಂಪಿಯರ್-ಗಂಟೆಯ ಬ್ಯಾಟರಿ ಎಂದರೆ 150ನ್ನು 12ರಿಂದ ಗುಣಿಸಿ 1800 ವ್ಯಾಟ್-ಗಂಟೆ, ಅಂದರೆ 1.8 ಯೂನಿಟ್. ಇದು ಕಾಗದದ ಮೇಲಿನ ಲೆಕ್ಕ. ಬ್ಯಾಟರಿ ಬಾಳಬೇಕೆಂದರೆ ಸಾಮಾನ್ಯವಾಗಿ ಅರ್ಧದಷ್ಟನ್ನೇ ಬಳಸುವುದು ಒಳಿತು. ಅದರಲ್ಲೂ ಸ್ವಲ್ಪ ಇನ್ವರ್ಟರಿನಲ್ಲೇ ನಷ್ಟವಾಗುತ್ತದೆ. ಕೈಗೆ ಸಿಗುವುದು ಸುಮಾರು 750 ವ್ಯಾಟ್-ಗಂಟೆ ಎಂದುಕೊಳ್ಳಿ.

75 ವ್ಯಾಟಿನ ಎರಡು ಹಳೆಯ ಫ್ಯಾನ್, 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬ್ ಸೇರಿದರೆ 186 ವ್ಯಾಟ್. ನಾಲ್ಕು ಗಂಟೆ ನಡೆಯುತ್ತದೆ. ಅದೇ ಫ್ಯಾನುಗಳ ಬದಲು ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಇದ್ದರೆ ಒಟ್ಟು 96 ವ್ಯಾಟ್, ಏಳು ಗಂಟೆಗೂ ಮೇಲೆ ಬರುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನ್ ಬದಲಿಸುವುದೇ ಲಾಭವಾಗಬಹುದು. ಇಸ್ತ್ರಿಪೆಟ್ಟಿಗೆ 1000 ವ್ಯಾಟ್ ಎಳೆಯುತ್ತದೆ. ಮಿಕ್ಸಿ, ಗೀಸರ್, ನೀರಿನ ಮೋಟಾರ್ ಇವೆಲ್ಲ ಸಣ್ಣ ಇನ್ವರ್ಟರಿನ ಕೆಲಸವಲ್ಲ. ಬಟ್ಟೆ ಹೊಲಿಯುವ ಸಹೋದರಿಯರು ಯಂತ್ರದ ಮೋಟಾರಿನ ಮೇಲೆ ಬರೆದಿರುವ ವ್ಯಾಟ್ ನೋಡಿ ಲೆಕ್ಕ ಹಾಕಿಕೊಳ್ಳಿ.

ಎಲ್ಲಿ ಇಡಬೇಕು?

ಚಾರ್ಜ್ ಆಗುವಾಗ ಹೊರಬರುವ ಜಲಜನಕ ಹೊತ್ತಿಕೊಳ್ಳುವ ಅನಿಲ. ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೆ ಒಂದು ಕಿಡಿ ಸಾಕು. ಗಾಳಿಯಾಡುವ ಜಾಗದಲ್ಲಿ ಅದು ಚದುರಿಹೋಗುತ್ತದೆ, ಅಪಾಯವಿಲ್ಲ. ಮುಚ್ಚಿದ ಕಪಾಟಿನಲ್ಲಿ, ಮಂಚದ ಕೆಳಗೆ, ಬಟ್ಟೆ ತುಂಬಿದ ಕೋಣೆಯ ಮೂಲೆಯಲ್ಲಿ ಬ್ಯಾಟರಿ ಇಡಬೇಡಿ. ಅದರ ಪಕ್ಕದಲ್ಲಿ ಲೋಬಾನ, ಊದುಬತ್ತಿ, ಸೊಳ್ಳೆಬತ್ತಿ, ಮೇಣದಬತ್ತಿ ಹಚ್ಚಬೇಡಿ. ನೀರಿನ ಮಟ್ಟ ನೋಡಲು ಕಡ್ಡಿ ಗೀರಿ ಬಗ್ಗುವುದಂತೂ ಕೂಡದೇ ಕೂಡದು, ಟಾರ್ಚ್ ಬಳಸಿ.

ಬಿಸಿಲೂ ಬ್ಯಾಟರಿಯ ಶತ್ರು. 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿ ಉಷ್ಣ ಏರಿದಾಗ ಅದರ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಲೆಕ್ಕ. ತಗಡಿನ ಮಾಡಿನ ಕೆಳಗೆ ಏಪ್ರಿಲ್-ಮೇ ತಿಂಗಳಲ್ಲಿ ಇಟ್ಟ ಬ್ಯಾಟರಿಯ ಗತಿ ಏನೆಂದು ಊಹಿಸಿ. ನೆರಳಿರುವ, ಗಾಳಿಯಾಡುವ, ಮಕ್ಕಳ ಕೈಗೆ ಸಿಗದ ಜಾಗ ಆರಿಸಿ.

ಬಳೆ ತೆಗೆದಿಟ್ಟು ಕೆಲಸಕ್ಕೆ ಕೈ ಹಾಕಿ

ಬ್ಯಾಟರಿಯ 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಅದರ ಎರಡು ತುದಿಗಳ ನಡುವೆ ಲೋಹ ತಗುಲಿದರೆ ನೂರಾರು ಆಂಪಿಯರ್ ಹರಿದು ಆ ಲೋಹ ಕ್ಷಣದಲ್ಲಿ ಕೆಂಡವಾಗುತ್ತದೆ. ಚಿನ್ನದ ಬಳೆ, ಉಂಗುರ, ಗಡಿಯಾರದ ಪಟ್ಟಿ ಇವೆಲ್ಲ ಲೋಹವೇ. ಆದ್ದರಿಂದ ಮೊದಲು ಅವುಗಳನ್ನು ತೆಗೆದಿಡಿ. ದುಪಟ್ಟಾದ ಸೆರಗು ಹಿಂದಕ್ಕೆ ಕಟ್ಟಿಕೊಳ್ಳಿ. ರಬ್ಬರ್ ಕೈಗವಸು, ಕಣ್ಣಿಗೆ ಒಂದು ಕನ್ನಡಕ ಇರಲಿ. ಇನ್ವರ್ಟರ್ ಆರಿಸಿ, ಪ್ಲಗ್ ಕಿತ್ತ ನಂತರವೇ ಬ್ಯಾಟರಿ ಮುಟ್ಟಿ. ಇನ್ವರ್ಟರಿನಿಂದ ಮನೆಯ ತಂತಿಗೆ ಹೋಗುವುದು 230 ವೋಲ್ಟ್ ಎಂಬುದನ್ನು ಮರೆಯಬೇಡಿ. ಬೀದಿಯಲ್ಲಿ ಕರೆಂಟಿಲ್ಲದಿದ್ದರೂ ನಿಮ್ಮ ಸ್ವಿಚ್ಚಿನಲ್ಲಿ ಅದು ಇರುತ್ತದೆ.

ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿ. ಮುಚ್ಚಳಗಳು ಭದ್ರವಾಗಿರಲಿ, ಸೋಡಾ ನೀರು ಒಳಗೆ ಇಳಿಯಬಾರದು. ಒಣಗಿದ ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ತಂತಿ ಬಿಚ್ಚಿ ಕಟ್ಟುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಆಮ್ಲ ಸಿಡಿದರೆ ಗಾಬರಿಯಾಗದೆ ಧಾರಾಳ ನೀರಿನಿಂದ ಹದಿನೈದು-ಇಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ಉಜ್ಜದೆ, ರೆಪ್ಪೆ ಬಿಡಿಸಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಸೋಡಾ ನೆಲಕ್ಕೆ ಸರಿ, ಮೈಗೂ ಕಣ್ಣಿಗೂ ಬೇಡ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬ್ಯಾಟರಿಗೆ ಸಂಬಂಧಿಸಿದ ಯಾವುದೇ ದ್ರವವನ್ನು ಕುಡಿಯುವ ನೀರಿನ ಅಥವಾ ಶರಬತ್ತಿನ ಹಳೆಯ ಬಾಟಲಿಯಲ್ಲಿ ಇಡಬೇಡಿ.

ಊರು ಬಿಟ್ಟು ಹೋಗುವಾಗ

ಬೇಸಿಗೆ ರಜೆಗೆ ತವರಿಗೋ, ಹಜ್ ಉಮ್ರಾಕ್ಕೋ ತಿಂಗಳುಗಟ್ಟಲೆ ಮನೆ ಮುಚ್ಚುವವರು ಹೊರಡುವ ಮೊದಲು ನೀರಿನ ಮಟ್ಟ ನೋಡಿ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ತುಂಬಿದ ಬ್ಯಾಟರಿ ಒಂದೆರಡು ತಿಂಗಳು ತಡೆಯುತ್ತದೆ, ಅರ್ಧ ಖಾಲಿಯಾದದ್ದು ತಡೆಯದು. ಬಂದ ಕೂಡಲೇ ಮತ್ತೆ ಚಾರ್ಜಿಗೆ ಹಾಕಿ. ಇದಕ್ಕೆ ವಿರುದ್ಧವಾಗಿ, ಕರೆಂಟು ಹೋಗದೆಯೇ ತಿಂಗಳು ಕಳೆದರೆ ಒಂದರ್ಧ ಗಂಟೆ ಮೇನ್ ಆರಿಸಿ ಬ್ಯಾಟರಿಯ ಮೇಲೆ ದೀಪ-ಫ್ಯಾನು ನಡೆಸಿ. ಕೆಟ್ಟಿದ್ದರೆ ಆಗಲೇ ತಿಳಿಯುತ್ತದೆ.

ಸೌರದೀಪ ಇರುವ ಮನೆಗಳಿಗೂ ಈ ಮಾತುಗಳೆಲ್ಲ ಅನ್ವಯಿಸುತ್ತವೆ. 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಕರ್ನಾಟಕದ ಬಡವರ ಮನೆಗಳಿಗೆ ಸೌರದೀಪ ತಲುಪಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೂರ್ಯನ ಫಲಕ ಇಪ್ಪತ್ತು ವರ್ಷ ಬಾಳಬಲ್ಲದು. ಬ್ಯಾಟರಿ ಹಾಗಲ್ಲ. ನೀರು ಹಾಕುವವರಿಲ್ಲದೆ ಅದು ಸತ್ತರೆ ಬಿಸಿಲಿದ್ದೂ ರಾತ್ರಿ ಕತ್ತಲೆಯೇ.

ಈಗೀಗ ಲಿಥಿಯಂ ಬ್ಯಾಟರಿಗಳೂ ಬಂದಿವೆ. ಅವಕ್ಕೆ ನೀರು ಬೇಡ, ಭಾರವೂ ಕಡಿಮೆ. ಆದರೆ ಬೆಲೆ ಹೆಚ್ಚು. ಹಳೆಯ ಇನ್ವರ್ಟರಿಗೆ ಅದು ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಸತ್ತ ಬ್ಯಾಟರಿ ಎಲ್ಲಿಗೆ ಹೋಗಬೇಕು?

ಇದು ಎಲ್ಲಕ್ಕಿಂತ ಮುಖ್ಯವಾದ ವಿಷಯ. 50-60 ಕಿಲೋ ತೂಗುವ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಸೀಸ. ಅದಕ್ಕೆ ಬೆಲೆಯಿದೆ. ಆದ್ದರಿಂದಲೇ ಅದನ್ನು ಒಡೆದು, ಕರಗಿಸಿ ಮಾರುವ ಆಸೆ ಹುಟ್ಟುತ್ತದೆ.

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದಲ್ಲಿ, ರಾಜಧಾನಿ ಡಾಕರ್‌ನ ಹೊರವಲಯದಲ್ಲಿ ಥಿಯಾರೋಯ್ ಸುರ್ ಮೇರ್ ಎಂಬ ಬಡವರ ವಸತಿಯಿದೆ. ಅಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆಯುವ ಕಸುಬು ನಡೆಯುತ್ತಿತ್ತು. ಸೀಸದ ಬೆಲೆ ಏರಿದಾಗ ಹೆಂಗಸರು ಆ ಜಾಗದ ಮಣ್ಣನ್ನು ಸೋಸಿ, ಮನೆಗೂ ತಂದು ಸೀಸ ಆರಿಸತೊಡಗಿದರು. ಮಕ್ಕಳು ಆ ದೂಳಿನಲ್ಲೇ ಆಡಿದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ತೀರಿಕೊಂಡರು. ನಾಲ್ಕು ಕಾಸು ಮನೆಗೆ ಬರಲೆಂದು ದುಡಿದ ತಾಯಂದಿರಿಗೆ ತಾವು ಹೊತ್ತು ತಂದದ್ದು ವಿಷವೆಂದು ಗೊತ್ತಿರಲಿಲ್ಲ.

ಅದು ದೂರದ ಕಥೆ ಎಂದು ಸುಮ್ಮನಿರುವಂತಿಲ್ಲ. ಜಗತ್ತಿನ ಸುಮಾರು 80 ಕೋಟಿ ಮಕ್ಕಳ, ಅಂದರೆ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಅದಕ್ಕೆ ಮುಖ್ಯ ಕಾರಣಗಳಲ್ಲೊಂದು, ಸೀಸದ ಬ್ಯಾಟರಿಗಳನ್ನು ಎಲ್ಲೆಂದರಲ್ಲಿ ಒಡೆದು ಕರಗಿಸುವುದು. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅದು ಮಿದುಳಿಗೆ ಪೆಟ್ಟು ಕೊಡುತ್ತದೆ, ಕಲಿಯುವ ಶಕ್ತಿ ಕುಂದುತ್ತದೆ. ಗರ್ಭಿಣಿಯ ರಕ್ತದ ಮೂಲಕ ಹೊಟ್ಟೆಯ ಕೂಸಿಗೂ ತಲುಪುತ್ತದೆ. ಇಷ್ಟು ಇದ್ದರೆ ತೊಂದರೆಯಿಲ್ಲ ಎನ್ನುವ ಸುರಕ್ಷಿತ ಮಿತಿಯೇ ಸೀಸಕ್ಕೆ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಗುಜರಿ ವ್ಯಾಪಾರ ನಮ್ಮಲ್ಲಿ ಅನೇಕ ಕುಟುಂಬಗಳ ಅನ್ನದ ದಾರಿ. ಅದು ಗೌರವದ ದುಡಿಮೆ. ಬ್ಯಾಟರಿಯನ್ನು ಒಡೆಯದೆ, ಆಮ್ಲ ಚೆಲ್ಲದೆ ಇಡಿಯಾಗಿ ಪಡೆದು ಪರವಾನಗಿ ಇರುವ ಘಟಕಕ್ಕೆ ಸಾಗಿಸಿದರೆ ಯಾರಿಗೂ ಹಾನಿಯಿಲ್ಲ. ಅಂಗಳದಲ್ಲಿ ಸುತ್ತಿಗೆಯಿಂದ ಒಡೆದು, ಆಮ್ಲವನ್ನು ಚರಂಡಿಗೆ ಸುರಿದು, ಒಲೆಯ ಮೇಲೆ ಸೀಸ ಕರಗಿಸುವುದು ಮಾತ್ರ ಮೊದಲು ತನ್ನ ಮಕ್ಕಳಿಗೇ ವಿಷ ಉಣಿಸಿದಂತೆ. ಇಂಥ ಕೆಲಸದ ಬಟ್ಟೆಯಲ್ಲಿ ಮನೆಗೆ ಬಂದ ತಂದೆ ಮಗುವನ್ನು ಎತ್ತಿಕೊಳ್ಳುವ ಮೊದಲು ಕೈಕಾಲು ಮುಖ ತೊಳೆದು ಬಟ್ಟೆ ಬದಲಿಸಬೇಕು. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬಾರದು. ಇದನ್ನು ಹಟ ಹಿಡಿದು ಮಾಡಿಸಬಲ್ಲವಳು ಮನೆಯೊಡತಿ.

ನಮ್ಮ ದೇಶದಲ್ಲಿ 2001ರಿಂದಲೇ ಇದಕ್ಕೆ ನಿಯಮಗಳಿದ್ದವು. 2022ರ ಆಗಸ್ಟ್‌ನಲ್ಲಿ ಹೊಸ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದವು. ಹಳೆಯ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಸೇರಿಸದೆ, ಅದನ್ನು ಸಂಗ್ರಹಿಸುವ ಅಥವಾ ಮರುಬಳಕೆಗೆ ಒಳಪಡಿಸುವವರಿಗೆ ಒಪ್ಪಿಸುವುದು ಬಳಕೆದಾರರ ಹೊಣೆಯೆಂದು ಅವು ಹೇಳುತ್ತವೆ. ಸುಲಭದ ದಾರಿಯೆಂದರೆ ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳುವುದು. ಹಲಗೇರಿಯವರಿಗೆ ರಾಣೆಬೆನ್ನೂರಿನ ಅಂಗಡಿ ಹತ್ತಿರ. ಬೀದಿಯಲ್ಲಿ ಬಂದವರು ನೂರಿನ್ನೂರು ಹೆಚ್ಚು ಕೊಟ್ಟರೂ, ಅವರು ಅದನ್ನು ಎಲ್ಲಿಗೆ ಒಯ್ಯುತ್ತಾರೆ ಎಂದು ಒಂದು ಮಾತು ಕೇಳಿ.

ಗೋಡೆಗೆ ಅಂಟಿಸಿಡಿ

ಇನ್ವರ್ಟರಿನ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿ. ಅದರಲ್ಲಿ ಬ್ಯಾಟರಿ ಕೊಂಡ ತಾರೀಖು, ಗ್ಯಾರಂಟಿ ಮುಗಿಯುವ ತಾರೀಖು, ನೀರು ಹಾಕಿದ ತಾರೀಖುಗಳನ್ನು ಬರೆಯುತ್ತಾ ಹೋಗಿ. ಜೊತೆಗೆ ಇಷ್ಟು ಸಾಲುಗಳಿರಲಿ:

* ಪ್ರತಿ ತಿಂಗಳ ಮೊದಲ ವಾರ ಆರು ಕೋಣೆಗಳ ನೀರಿನ ಮಟ್ಟ ನೋಡುವುದು.
* ಡಿಸ್ಟಿಲ್ಡ್ ನೀರು ಮಾತ್ರ. ಆಮ್ಲ ಬೇಡ, ನಲ್ಲಿ ನೀರು ಬೇಡ.
* ಬಳೆ-ಉಂಗುರ ತೆಗೆದು, ಇನ್ವರ್ಟರ್ ಆರಿಸಿ ಕೆಲಸ ಮಾಡುವುದು.
* ಹತ್ತಿರ ಬೆಂಕಿ, ಲೋಬಾನ, ಊದುಬತ್ತಿ ಬೇಡ.
* ಕರೆಂಟು ಬಂದ ಕೂಡಲೇ ಚಾರ್ಜ್ ಆಗುತ್ತಿದೆಯೇ ಎಂದು ನೋಡುವುದು.
* ಹಳೆಯ ಬ್ಯಾಟರಿ ಅಂಗಡಿಗೇ ವಾಪಸ್.

ಗ್ಯಾರಂಟಿ ಕಾರ್ಡು, ಬಿಲ್ಲು ಎರಡನ್ನೂ ಪಡಿತರ ಚೀಟಿ ಇಡುವ ಜಾಗದಲ್ಲೇ ಇಡಿ. ಅವಧಿಯೊಳಗೆ ಬ್ಯಾಟರಿ ಕೆಟ್ಟಾಗ ಅಂಗಡಿಯವರು ಮೊದಲು ಕೇಳುವುದು ಅವನ್ನೇ. ನೀರು ಹಾಕಿದ ದಿನಗಳ ಈ ಚೀಟಿಯೂ ಆಗ ನಿಮ್ಮ ಪರವಾಗಿ ಮಾತನಾಡುತ್ತದೆ. ಈ ತಿಂಗಳ ತಾರೀಖಿನಿಂದಲೇ ಅದನ್ನು ಆರಂಭಿಸಿ.